ಯಂತ್ರ ರೋಗ ಹಿಡಿದ ಮೇಲೆ

ಸಕ್ಕರೆ ಕಾಯಿಲೆ ಇರುವವರ ಕಣ್ಣು ಹಾಳಾಗುತ್ತಿರುವುದು ಬಹಳ ಸಲ ಅವರಿಗೇ ಗೊತ್ತಾಗುವುದಿಲ್ಲ. ಅಕ್ಷಿಪಟಲದ ಸಣ್ಣ ರಕ್ತನಾಳಗಳು ಉಬ್ಬಿ, ಸೋರಿ, ದೃಷ್ಟಿಗೇ ಕುತ್ತು ಬರುವ ತನಕ ನೋವೂ ಇರುವುದಿಲ್ಲ, ಮಬ್ಬೂ ಕವಿಯುವುದಿಲ್ಲ. ವರ್ಷಕ್ಕೊಮ್ಮೆ ಅಕ್ಷಿಪಟಲದ ಫೋಟೊ ತೆಗೆಸಿ ತಜ್ಞರಿಗೆ ತೋರಿಸಿದರೆ ಇಂಥ ಕುರುಡುತನದ ದೊಡ್ಡ ಪಾಲನ್ನು ತಡೆಯಬಹುದು. ಆದರೆ ಫೋಟೊ ನೋಡಿ ಹೇಳಬಲ್ಲ ತಜ್ಞರು ತಾಲ್ಲೂಕು ಊರುಗಳಲ್ಲಿ ಸಿಗುವುದು ಕಷ್ಟ. ಸಾವಿರಾರು ಉದಾಹರಣೆಗಳನ್ನು ಉಣಿಸಿದರೆ ಗುರುತು ಹಿಡಿಯುವುದನ್ನು ತಾನೇ ಕಲಿಯುವ ಕಂಪ್ಯೂಟರ್ ವಿಧಾನವನ್ನು ಯಂತ್ರ ಕಲಿಕೆ ಎನ್ನುತ್ತಾರೆ. ರೋಗ ಪತ್ತೆಯಲ್ಲಿ ಅದು ಮೊದಲು ಗಟ್ಟಿಯಾಗಿ ಕಾಲೂರಿದ ಜಾಗಗಳಲ್ಲಿ ಈ ಕಣ್ಣಿನ ಪರೀಕ್ಷೆಯೂ ಒಂದು.

2016ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಾದ ‘ಜಾಮಾ’ದಲ್ಲಿ ಗೂಗಲ್ ಸಂಶೋಧಕರ ಪ್ರಬಂಧವೊಂದು ಬಂತು. 1,28,175 ಅಕ್ಷಿಪಟಲ ಚಿತ್ರಗಳನ್ನು 54 ಮಂದಿ ನೇತ್ರವೈದ್ಯರಿಂದ ಓದಿಸಿ, ಅವರ ತೀರ್ಪುಗಳಿಂದ ಯಂತ್ರಕ್ಕೆ ಕಲಿಸಿದ್ದರು. ಚಿತ್ರಗಳಲ್ಲಿ ಒಂದು ಪಾಲು ಅಮೆರಿಕದ್ದು. ಉಳಿದವು ಭಾರತದ ಮೂರು ಕಣ್ಣಾಸ್ಪತ್ರೆಗಳಿಂದ ಹೋದವು: ಅರವಿಂದ್, ಚೆನ್ನೈನ ಶಂಕರ ನೇತ್ರಾಲಯ ಮತ್ತು ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ. ಬೇರೆ ಎರಡು ಚಿತ್ರಸಂಗ್ರಹಗಳ ಮೇಲೆ ಪರೀಕ್ಷೆಗೆ ಒಡ್ಡಿದಾಗ, ಒಬ್ಬ ರೋಗಿಯನ್ನೂ ಬಿಡಬಾರದೆಂದು ಬಿಗಿ ಮಾಡಿದ ಮಟ್ಟದಲ್ಲಿ, ರೋಗವಿದ್ದವರಲ್ಲಿ ಶೇ 97.5 ಮತ್ತು ಶೇ 96.1ರಷ್ಟು ಮಂದಿಯನ್ನು ಅದು ಹಿಡಿಯಿತು. ಎರಡು ವರ್ಷ ಕಳೆಯುವುದರೊಳಗೆ, 2018ರ ಏಪ್ರಿಲ್‌ನಲ್ಲಿ, ತಜ್ಞರ ಸಹಿಯೇ ಬೇಡದೆ ಫಲಿತಾಂಶ ಹೇಳುವ ಐಡಿಎಕ್ಸ್-ಡಿಆರ್ ಎಂಬ ತಂತ್ರಾಂಶಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ಕೊಟ್ಟಿತು. ಬೆಂಗಳೂರಿನ ರೆಮಿಡಿಯೋ ಕಂಪನಿ ಮೊಬೈಲ್ ಫೋನಿಗೇ ಕ್ಯಾಮೆರಾ ಜೋಡಿಸಿ, ಇಂಟರ್‌ನೆಟ್ ಇಲ್ಲದೆಯೂ ಓದುವ ವ್ಯವಸ್ಥೆ ಮಾಡಿತು. ಅದನ್ನು ಮುಂಬೈನ ದವಾಖಾನೆಗಳಲ್ಲಿ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು.

ಇಷ್ಟನ್ನೇ ಓದಿದರೆ ಸಮಸ್ಯೆ ಬಗೆಹರಿಯಿತು ಅನ್ನಿಸುತ್ತದೆ. ಆದರೆ ಗೂಗಲ್‌ನ ಅದೇ ವ್ಯವಸ್ಥೆ ಥಾಯ್ಲೆಂಡ್‌ನ ಪಥುಮ್ ಥಾನಿ ಮತ್ತು ಚಿಯಾಂಗ್ ಮಾಯ್ ಪ್ರಾಂತ್ಯಗಳ 11 ಚಿಕಿತ್ಸಾಲಯಗಳಿಗೆ ಹೋದಾಗ ಏನಾಯಿತೆಂಬುದು 2020ರಲ್ಲಿ ಪ್ರಕಟವಾಯಿತು. ಈ ಕ್ಷೇತ್ರದಲ್ಲಿ ಯಾರಾದರೂ ಒಂದೇ ಒಂದು ಬರಹ ಓದುವುದಾದರೆ ಅದನ್ನೇ ಓದಲಿ ಎಂದು ನಾನು ಹೇಳುತ್ತೇನೆ. ಅಲ್ಲಿನ ನರ್ಸ್‌ಗಳಿಗೆ ಫೋಟೊ ತೆಗೆಯಲು ಕತ್ತಲೆ ಕೋಣೆ ಎಲ್ಲೆಡೆ ಇರಲಿಲ್ಲ. ಸ್ವಲ್ಪ ಮಸುಕಾದ ಚಿತ್ರವನ್ನೂ ಯಂತ್ರ ತಿರಸ್ಕರಿಸುತ್ತಿತ್ತು. ಮೊದಲ ಆರು ತಿಂಗಳಲ್ಲಿ ಒಪ್ಪಿಸಿದ 1,838 ಚಿತ್ರಗಳಲ್ಲಿ ಶೇ 21ರಷ್ಟನ್ನು ಅದು ಓದಲೇ ಇಲ್ಲ. ಓದಲಾಗದ ಚಿತ್ರದ ರೋಗಿಯನ್ನು ತಜ್ಞರಿರುವ ಬೇರೆ ಆಸ್ಪತ್ರೆಗೆ ಕಳುಹಿಸಬೇಕು ಎಂಬುದು ನಿಯಮ. ಒಂದು ದಿನದ ದುಡಿಮೆ ಬಿಟ್ಟು, ವಾಹನವಿಲ್ಲದ ಊರಿನಿಂದ ಅಷ್ಟು ದೂರ ಹೋಗುವುದು ಆ ಜನರಿಗೆ ಸುಲಭವಲ್ಲ. ಇಂಟರ್‌ನೆಟ್ ನಿಧಾನವಾದಾಗ ಚಿತ್ರ ಮೇಲೇರದೆ ಸಾಲು ನಿಂತುಬಿಡುತ್ತಿತ್ತು. ಕೆಲವು ನರ್ಸ್‌ಗಳು ರೋಗಿಗಳಿಗೆ ಸುಮ್ಮನೆ ತೊಂದರೆಯಾದೀತೆಂದು ಈ ಪರೀಕ್ಷೆಗೆ ಸೇರುವುದೇ ಬೇಡ ಎಂದು ಹೇಳಿದರು. ಯಂತ್ರ ಕಲಿತದ್ದರಲ್ಲಿ ತಪ್ಪಿರಲಿಲ್ಲ. ಅದನ್ನು ಇಟ್ಟ ಕೋಣೆಯನ್ನೂ, ಅದು ‘ಮುಂದೆ ಹೋಗಿ’ ಎಂದಾಗ ಹೋಗಬೇಕಾದ ದಾರಿಯನ್ನೂ ಯಾರೂ ಮೊದಲೇ ಅಳೆದಿರಲಿಲ್ಲ.

ಕಳೆದ ಹತ್ತು ವರ್ಷಗಳ ಇಂಥ ಪ್ರಯತ್ನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಎದ್ದು ಕಾಣುವುದು ಇದೇ. ರೋಗ ಹಿಡಿಯುವ ನಿಖರತೆಗೆ ಸಿಕ್ಕ ಹಣ, ಗಮನ, ಹೊಗಳಿಕೆಯ ಕಾಲುಪಾಲೂ ರೋಗ ಹಿಡಿದ ಮೇಲಿನ ಮುಂದಿನ ಹೆಜ್ಜೆಗೆ ಸಿಕ್ಕಿಲ್ಲ. ಸಾರ್ವಜನಿಕ ಆರೋಗ್ಯದಲ್ಲಿ ಯಂತ್ರದ ಬೆಲೆ ನಿರ್ಧಾರವಾಗುವುದು ಆ ಮುಂದಿನ ಹೆಜ್ಜೆಯಲ್ಲಿ.

ಕ್ಷಯದ ವಿಷಯದಲ್ಲಿ ಇದು ಇನ್ನಷ್ಟು ಸ್ಪಷ್ಟ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲೇ ಇದ್ದಾರೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆ ಎರಡು ಸಂಗತಿಗಳನ್ನು ತೋರಿಸಿತು. ರೋಗಲಕ್ಷಣ ಇದ್ದವರಲ್ಲಿ ಶೇ 64ರಷ್ಟು ಮಂದಿ ಯಾವ ಆಸ್ಪತ್ರೆಗೂ ಹೋಗಿರಲಿಲ್ಲ. ಎರಡನೆಯದು, ಎದೆಯ ಎಕ್ಸ್‌ರೇ ತೆಗೆಯದೆ ಬರೀ ಕೆಮ್ಮು, ಜ್ವರ ಕೇಳಿ ಬಿಟ್ಟಿದ್ದರೆ ಪತ್ತೆಯಾದ ರೋಗಿಗಳಲ್ಲಿ ಶೇ 42.6ರಷ್ಟು ಮಂದಿ ತಪ್ಪಿಹೋಗುತ್ತಿದ್ದರು. ಹಾಗಾದರೆ ಎಕ್ಸ್‌ರೇ ಊರಿಗೇ ಹೋಗಬೇಕು. ಹೋದರೆ ಅದನ್ನು ಓದುವವರು ಯಾರು? ರೇಡಿಯಾಲಜಿಸ್ಟ್‌ಗಳು ನಗರದಲ್ಲಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, 15 ವರ್ಷ ಮೀರಿದವರ ಕ್ಷಯ ತಪಾಸಣೆಯಲ್ಲಿ ಎಕ್ಸ್‌ರೇಯನ್ನು ಮನುಷ್ಯರ ಬದಲು ತಂತ್ರಾಂಶ ಓದಬಹುದು ಎಂದು ಶಿಫಾರಸು ಮಾಡಿತು. ಮುಂಬೈನ ಕ್ಯೂರ್.ಎಐ ಕಂಪನಿಯ ಕ್ಯೂಎಕ್ಸ್ಆರ್ ಇಂಥ ತಂತ್ರಾಂಶಗಳಲ್ಲಿ ಒಂದು. 2024ರ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಶುರು ಮಾಡಿದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿದೊಯ್ಯಬಹುದಾದ ಎಕ್ಸ್‌ರೇ ಯಂತ್ರವೂ, ಅದನ್ನು ಓದುವ ಕೃತಕ ಬುದ್ಧಿಮತ್ತೆಯೂ ಜೊತೆಯಾಗಿಯೇ ಹಳ್ಳಿಗೆ ಹೋದವು.

ಇಲ್ಲಿ ಒಂದು ಲೆಕ್ಕವನ್ನು ನಿಧಾನವಾಗಿ ಮಾಡಿ ನೋಡಬೇಕು. ಜಾಹೀರಾತುಗಳಲ್ಲಿ ಇದು ಕಾಣಿಸುವುದಿಲ್ಲ. ಅದೇ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದ ಒಂದು ಲಕ್ಷ ಜನರಲ್ಲಿ ಶ್ವಾಸಕೋಶದ ಕ್ಷಯ ಇರುವವರು 316. ಮೊದಲ ಜರಡಿಯಾಗಿ ಬಳಸುವ ಪರೀಕ್ಷೆ ರೋಗಿಗಳಲ್ಲಿ ಶೇ 90 ಮಂದಿಯನ್ನು ಹಿಡಿಯಬೇಕು, ಆರೋಗ್ಯವಂತರಲ್ಲಿ ಶೇ 70 ಮಂದಿಯನ್ನಾದರೂ ‘ಏನೂ ಇಲ್ಲ’ ಎಂದು ಬಿಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಕನಿಷ್ಠ ಗುರಿ. ಈ ಗುರಿಯನ್ನು ಸರಿಯಾಗಿ ಮುಟ್ಟಿದ ತಂತ್ರಾಂಶವೊಂದು ಆ ಲಕ್ಷ ಜನರ ಎಕ್ಸ್‌ರೇ ಓದಿತು ಎನ್ನೋಣ. 284 ರೋಗಿಗಳು ಸಿಕ್ಕುತ್ತಾರೆ, 32 ಮಂದಿ ತಪ್ಪುತ್ತಾರೆ. ಉಳಿದ 99,684 ಆರೋಗ್ಯವಂತರಲ್ಲಿ ಶೇ 30, ಅಂದರೆ 29,905 ಮಂದಿಯ ಎದೆಯ ಚಿತ್ರದ ಮೇಲೂ ಅದು ಅನುಮಾನದ ಗುರುತು ಹಾಕುತ್ತದೆ. ಒಟ್ಟು 30,189 ಜನರ ಕಫ ಪರೀಕ್ಷೆ ಮಾಡಿದರೆ ಅವರಲ್ಲಿ ನಿಜವಾದ ರೋಗಿಗಳು ನೂರಕ್ಕೆ ಒಬ್ಬರಿಗಿಂತ ಕಡಿಮೆ.

ಯಂತ್ರ ಕೆಟ್ಟದ್ದೆಂದು ಈ ಲೆಕ್ಕ ಹೇಳುತ್ತಿಲ್ಲ. ಯಂತ್ರವನ್ನು ಎಲ್ಲಿ ಇಡಬೇಕೆಂದು ಹೇಳುತ್ತಿದೆ. ರೋಗಿಯ ಮನೆಯವರು, ಗಣಿ ಕಾರ್ಮಿಕರು, ಸೆರೆಮನೆಯಲ್ಲಿರುವವರು, ಸಕ್ಕರೆ ಕಾಯಿಲೆಯ ಜೊತೆಗೆ ಮೈ ಇಳಿದವರು, ಹೀಗೆ ಕ್ಷಯ ಐದು ಪಟ್ಟು ಹೆಚ್ಚಿರುವ ಗುಂಪಿನಲ್ಲಿ ಅದೇ ಯಂತ್ರವನ್ನು ಬಳಸಿದರೆ ಗುರುತು ಬಿದ್ದ ಸುಮಾರು 22 ಮಂದಿಯಲ್ಲಿ ಒಬ್ಬರು ನಿಜವಾದ ರೋಗಿ. ಯಂತ್ರ ಬದಲಾಗಿಲ್ಲ, ಸಾಲಿನಲ್ಲಿ ನಿಂತವರು ಬದಲಾಗಿದ್ದಾರೆ. ಗುರುತು ಬಿದ್ದ ಪ್ರತಿಯೊಬ್ಬರಿಗೂ ಕಫದ ಅಣು ಪರೀಕ್ಷೆ ಬೇಕು. ಗೋವಾದ ಮೋಲ್ಬಯೋ ತಯಾರಿಸುವ, ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ಬೆಳೆದ ಟ್ರೂನ್ಯಾಟ್ ಯಂತ್ರ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಆದರೆ ಅದಕ್ಕೆ ಚಿಪ್ ಬೇಕು, ತಂತ್ರಜ್ಞ ಬೇಕು, ಕಫ ತಂದುಕೊಡುವವರು ಬೇಕು. ಎಕ್ಸ್‌ರೇ ಓದುವ ವೇಗ ಹತ್ತು ಪಟ್ಟಾಗಿ, ಕಫ ಪರೀಕ್ಷೆಯ ಶಕ್ತಿ ಇದ್ದಷ್ಟೇ ಉಳಿದರೆ, ಕಾಯುವ ಸಾಲು ಎಕ್ಸ್‌ರೇ ಕೋಣೆಯಿಂದ ಪ್ರಯೋಗಾಲಯದ ಬಾಗಿಲಿಗೆ ಸರಿಯುತ್ತದೆ, ಅಷ್ಟೇ.

ಯಂತ್ರದ ಆಚೆಗಿನ ವ್ಯವಸ್ಥೆಯೇ ಮುಖ್ಯ ಎಂಬ ಪಾಠವನ್ನು ಕಲಿಸಿದ ಮೊದಲಿಗರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗರಿದ್ದಾರೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದ ಆರಂಭದಲ್ಲಿ ಅಲ್ಲಿ ಎಕ್ಸ್‌ರೇ ಸಮೀಕ್ಷೆ ನಡೆಸಿದರು. ಅದರಲ್ಲಿ ಪತ್ತೆಯಾದವರ ಮನೆಗೇ ಹೋಗಿ ಮಾತಾಡಿಸಿದರು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆ್ಯಂಡರ್ಸನ್ 1963ರಲ್ಲಿ ಪ್ರಕಟಿಸಿದ ಆ ಅಧ್ಯಯನ, ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ ಎಂಬ ಆ ಕಾಲದ ನಂಬಿಕೆಯನ್ನು ಒಡೆಯಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ಏನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿಬಂದಿದ್ದರು. ಬಹುತೇಕರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ರೋಗಿ ಬಾಗಿಲಿಗೆ ಬಂದಿದ್ದ, ಬಾಗಿಲಲ್ಲಿದ್ದವರು ಹಿಡಿಯಲಿಲ್ಲ. ಸಾಮಾನ್ಯ ಆಸ್ಪತ್ರೆಗೆ ಕೆಮ್ಮು ಎಂದು ಬಂದವರ ಕಫ ನೋಡುವುದೇ ರಾಷ್ಟ್ರೀಯ ಕ್ಷಯ ಕಾರ್ಯಕ್ರಮದ ತಳಹದಿಯಾಗಲು ಈ ಕೆಲಸ ಕಾರಣವಾಯಿತು. ಇಂದು ಚಿತ್ರ ಸ್ವಲ್ಪ ಬದಲಾಗಿದೆ. ಆಸ್ಪತ್ರೆಗೆ ಹೋಗದವರು, ಲಕ್ಷಣವೇ ಇಲ್ಲದವರು ತುಂಬಾ ಇದ್ದಾರೆಂದು ಹೊಸ ಸಮೀಕ್ಷೆ ಹೇಳಿರುವುದರಿಂದ ಊರಿಗೆ ಹೋಗುವ ಎಕ್ಸ್‌ರೇಗೆ ಅರ್ಥ ಬಂದಿದೆ. ಆದರೆ ಮನೆಗೆ ಹೋಗಿ ಕೂತು ಮಾತಾಡಿಸುವ ತುಮಕೂರಿನ ಆ ಕ್ರಮ ಇಂದಿನ ತಂತ್ರಾಂಶಗಳ ಅಧ್ಯಯನಗಳಲ್ಲಿ ಅಪರೂಪ. ಯಂತ್ರ ಗುರುತು ಹಾಕಿದವರಲ್ಲಿ ಎಷ್ಟು ಮಂದಿ ಮಾತ್ರೆ ಮುಗಿಸಿದರು, ಎಷ್ಟು ಮಂದಿ ಉಳಿದರು ಎಂಬುದನ್ನು ಹೇಳದ ಅಧ್ಯಯನವನ್ನು ನಾನು ಅರ್ಧ ಅಧ್ಯಯನವೆಂದೇ ಎಣಿಸುತ್ತೇನೆ.

ಪಕ್ಕದ ತಮಿಳುನಾಡು 2022ರಲ್ಲಿ ಹಿಡಿದ ದಾರಿಯನ್ನೂ ಇಲ್ಲಿ ನೆನೆಯಬೇಕು. ಹೊಸದಾಗಿ ಪತ್ತೆಯಾದ ಕ್ಷಯ ರೋಗಿಯ ತೂಕ-ಎತ್ತರ, ಕಾಲಿನ ಊತ, ಉಸಿರಾಟದ ವೇಗ, ರಕ್ತದ ಆಮ್ಲಜನಕ, ಆಸರೆಯಿಲ್ಲದೆ ನಿಲ್ಲುವ ಶಕ್ತಿ, ಇಷ್ಟನ್ನು ಆರೋಗ್ಯ ಸಿಬ್ಬಂದಿ ನೋಡಿ, ಸ್ಥಿತಿ ಗಂಭೀರವಾಗಿದ್ದರೆ ಕೂಡಲೇ ಆಸ್ಪತ್ರೆಗೆ ಸೇರಿಸುವ ಯೋಜನೆ ಅದು. ಅದರಲ್ಲಿ ಕಲಿಯುವ ಯಂತ್ರ ಇರಲಿಲ್ಲ. ಮೊದಲ ವಾರಗಳ ಸಾವು ಅದರಿಂದ ಇಳಿಯಿತೆಂದು ವರದಿಯಾಗಿದೆ. ಗುರುತು ಬಿದ್ದವರಿಗೆ ಹಾಸಿಗೆಯೂ ಆರೈಕೆಯೂ ಸಿದ್ಧವಿದ್ದದ್ದೇ ಅದರ ಬಲ. ಅದೇ ಬಲದ ಮೇಲೆ ಯಂತ್ರವನ್ನು ನಿಲ್ಲಿಸಿದರೆ ಏನಾಗಬಹುದು ಎಂಬುದಕ್ಕೆ ಕರ್ನಾಟಕದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಒಳ್ಳೆಯ ನಿದರ್ಶನ. ತಾಲ್ಲೂಕು ಆಸ್ಪತ್ರೆಯಲ್ಲಿ ಎದೆನೋವೆಂದು ಬಂದವರ ಇಸಿಜಿಯನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ನಿಮಿಷಗಳಲ್ಲಿ ಓದಲಾಗುತ್ತದೆ. ಹೃದಯಾಘಾತ ಎಂದಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ಜಯದೇವದಂಥ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಚುಚ್ಚುಮದ್ದು ತಾಲ್ಲೂಕಿನ ಕಪಾಟಿನಲ್ಲೇ ಇರುವುದರಿಂದ ಯಂತ್ರ ಉಳಿಸಿದ ನಿಮಿಷಗಳು ರೋಗಿಗೆ ದಕ್ಕುತ್ತವೆ.

ಯಂತ್ರ ಕಲಿತದ್ದೇ ತಪ್ಪಾದ ಪ್ರಸಂಗಗಳು ಬೇರೆ ಇವೆ. ಕೊರೋನಾ ಬಂದ ಮೊದಲ ತಿಂಗಳುಗಳಲ್ಲಿ ಎಕ್ಸ್‌ರೇ, ಸಿಟಿ ಸ್ಕ್ಯಾನ್ ನೋಡಿ ರೋಗ ಹೇಳುತ್ತೇವೆ ಎಂಬ ಪ್ರಬಂಧಗಳು ಪ್ರವಾಹದಂತೆ ಬಂದವು. ಕೇಂಬ್ರಿಜ್‌ನ ತಂಡವೊಂದು 2,212 ಬರಹಗಳನ್ನು ಸೋಸಿ, ಗುಣಮಟ್ಟದಲ್ಲಿ ನಿಂತ 62ನ್ನು ಆರಿಸಿ ಓದಿ, ರೋಗಿಯ ಚಿಕಿತ್ಸೆಗೆ ಬಳಸಲು ಯೋಗ್ಯವಾದದ್ದು ಒಂದೂ ಇಲ್ಲ ಎಂದು 2021ರಲ್ಲಿ ಬರೆಯಿತು. ಅಷ್ಟೊಂದು ದುಡಿಮೆ ಹೇಗೆ ವ್ಯರ್ಥವಾಯಿತು? ಒಂದು ಕಾರಣ ಯಂತ್ರ ಹಿಡಿಯುವ ಅಡ್ಡದಾರಿ. ರೋಗಿಗಳ ಚಿತ್ರ ಒಂದು ಆಸ್ಪತ್ರೆಯಿಂದ, ಆರೋಗ್ಯವಂತರ ಚಿತ್ರ ಇನ್ನೊಂದು ಕಡೆಯಿಂದ ತಂದು ಕಲಿಸಿದರೆ, ಯಂತ್ರ ರೋಗದ ಬದಲು ಆಸ್ಪತ್ರೆಯ ಗುರುತನ್ನೇ ಕಲಿತುಬಿಡುತ್ತದೆ. 2018ರಲ್ಲಿ ಅಮೆರಿಕದಲ್ಲಿ ನ್ಯುಮೋನಿಯಾ ಪತ್ತೆಯ ತಂತ್ರಾಂಶವೊಂದನ್ನು ಪರಿಶೀಲಿಸಿದಾಗ, ಎಕ್ಸ್‌ರೇ ಯಾವ ಆಸ್ಪತ್ರೆಯದ್ದು ಎಂಬುದನ್ನು ಅದು ಚಿತ್ರದಿಂದಲೇ ಹೇಳಬಲ್ಲದು ಎಂದು ಕಂಡುಬಂತು. ಹೆಚ್ಚು ನ್ಯುಮೋನಿಯಾ ಬರುವ ಆಸ್ಪತ್ರೆಯ ಚಿತ್ರವಾದರೆ ನ್ಯುಮೋನಿಯಾ ಎನ್ನುವುದು ಸುಲಭ. ಇಂಥದ್ದನ್ನು ಬೇರೆ ಊರಿಗೆ ಒಯ್ದರೆ ನಿಖರತೆ ಕುಸಿಯುತ್ತದೆ.

ಇನ್ನೂ ಆಳದ ತಪ್ಪು ಯಾವುದನ್ನು ಕಲಿಸಬೇಕೆಂದು ಆರಿಸುವುದರಲ್ಲೇ ಇರುತ್ತದೆ. ಅಮೆರಿಕದಲ್ಲಿ ಹೆಚ್ಚಿನ ಆರೈಕೆ ಯಾರಿಗೆ ಬೇಕೆಂದು ಆರಿಸಲು ವ್ಯಾಪಕವಾಗಿ ಬಳಸುತ್ತಿದ್ದ ತಂತ್ರಾಂಶವೊಂದು, ರೋಗದ ತೀವ್ರತೆಗೆ ಬದಲಾಗಿ ರೋಗಿಯ ಮೇಲೆ ಆಗುವ ಖರ್ಚನ್ನು ಅಂದಾಜು ಮಾಡುತ್ತಿತ್ತು. ಕಪ್ಪು ಜನರಿಗೆ ಅಷ್ಟೇ ಕಾಯಿಲೆ ಇದ್ದರೂ ಅವರ ಮೇಲೆ ಕಡಿಮೆ ಖರ್ಚಾಗುತ್ತಿದ್ದುದರಿಂದ ಅವರು ಆರೋಗ್ಯವಂತರಂತೆ ಕಂಡರು. ಜಿಯಾದ್ ಓಬರ್‌ಮೈಯರ್ ಮತ್ತು ಸಂಗಡಿಗರು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಬಯಲಿಗೆಳೆದರು. ಈ ವಕ್ರತೆಯನ್ನು ಸರಿಪಡಿಸಿದರೆ ಹೆಚ್ಚುವರಿ ಆರೈಕೆ ಪಡೆಯುವವರಲ್ಲಿ ಕಪ್ಪು ಜನರ ಪಾಲು ಶೇ 17.7ರಿಂದ ಶೇ 46.5ಕ್ಕೆ ಏರುತ್ತಿತ್ತು. ನಮ್ಮಲ್ಲಿ ಆಸ್ಪತ್ರೆಯ ದಾಖಲೆ, ವಿಮೆಯ ದಾಖಲೆ ಇಟ್ಟುಕೊಂಡು ಮಾದರಿ ಕಟ್ಟುವವರು ಈ ಪ್ರಬಂಧವನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ಮನೆಯ ಗಂಡಸರಿಗೆಲ್ಲ ಆದ ಮೇಲೆ ತನ್ನ ಮದ್ದಿಗೆ ದುಡ್ಡು ಕೇಳುವ ಹೆಂಗಸು, ಕೂಲಿ ತಪ್ಪೀತೆಂದು ಜ್ವರ ನುಂಗಿಕೊಂಡು ಕಬ್ಬು ಕಡಿಯಲು ಹೋಗುವವನು, ಇಂಥವರು ಆ ದಾಖಲೆಗಳಲ್ಲಿ ಇರುವುದೇ ಇಲ್ಲ.

ಸರಿಯಾಗಿ ಪರೀಕ್ಷಿಸಿದಾಗ ಒಳ್ಳೆಯ ಫಲ ಬಂದದ್ದೂ ಉಂಟು. ಸ್ವೀಡನ್‌ನಲ್ಲಿ 80,033 ಹೆಂಗಸರನ್ನು ಎರಡು ಗುಂಪು ಮಾಡಿ ಸ್ತನ ಕ್ಯಾನ್ಸರ್‌ನ ತಪಾಸಣೆಯನ್ನು ಹೋಲಿಸಿದರು. ಯಂತ್ರದ ನೆರವಿದ್ದ ಗುಂಪಿನಲ್ಲಿ 244 ಕ್ಯಾನ್ಸರ್, ಇಲ್ಲದ ಗುಂಪಿನಲ್ಲಿ 203 ಪತ್ತೆಯಾದವು. ವೈದ್ಯರು ಚಿತ್ರ ಓದುವ ಕೆಲಸ ಶೇ 44ರಷ್ಟು ಇಳಿಯಿತು. 2023ರಲ್ಲಿ ಬಂದ ಈ ಫಲಿತಾಂಶ ಮ್ಯಾಮೊಗ್ರಫಿ ತಪಾಸಣೆ ಮೊದಲೇ ಗಟ್ಟಿಯಾಗಿರುವ ದೇಶದ್ದು ಎಂಬುದನ್ನು ಮರೆಯಬಾರದು. 2025ರಲ್ಲಿ ಪೋಲೆಂಡ್‌ನಿಂದ ಬಂದ ಅಧ್ಯಯನ ಇನ್ನೊಂದು ಮುಖ ತೋರಿಸಿತು: ದೊಡ್ಡ ಕರುಳಿನ ಗಂಟು ಹುಡುಕಲು ಯಂತ್ರದ ನೆರವಿಗೆ ಒಗ್ಗಿಹೋದ ವೈದ್ಯರು, ನೆರವಿಲ್ಲದೆ ಪರೀಕ್ಷೆ ಮಾಡಿದಾಗ ಗಂಟು ಕಂಡುಹಿಡಿಯುವ ಪ್ರಮಾಣ ಶೇ 28.4ರಿಂದ ಶೇ 22.4ಕ್ಕೆ ಇಳಿದಿತ್ತು. ಕರೆಂಟು, ಇಂಟರ್‌ನೆಟ್ ಕೈಕೊಡುವ ನಮ್ಮ ಆಸ್ಪತ್ರೆಗಳಲ್ಲಿ ಈ ಅಂಕಿಯ ತೂಕ ಹೆಚ್ಚು.

ಒಬ್ಬ ರೋಗಿಯನ್ನು ಬಿಟ್ಟು ಇಡೀ ಊರಿನ ರೋಗವನ್ನು ಮುಂಚೆಯೇ ಅರಿಯುವ ಪ್ರಯತ್ನಕ್ಕೆ ಬಂದರೆ, ಗೂಗಲ್ ಫ್ಲೂ ಟ್ರೆಂಡ್ಸ್‌ನ ಕಥೆ ಹಲವರಿಗೆ ಗೊತ್ತು. ಜನ ಇಂಟರ್‌ನೆಟ್‌ನಲ್ಲಿ ಏನು ಹುಡುಕುತ್ತಾರೆ ಎಂಬುದರಿಂದ ಫ್ಲೂ ಹರಡುವುದನ್ನು ಹೇಳುತ್ತೇವೆಂದು 2008ರಲ್ಲಿ ಹೊರಟದ್ದು, 2009ರ ಎಚ್1ಎನ್1ನ ಮೊದಲ ಅಲೆಯನ್ನು ತಪ್ಪಿಸಿಕೊಂಡಿತು, 2011ರ ಆಗಸ್ಟ್‌ನಿಂದ 108 ವಾರಗಳಲ್ಲಿ 100 ವಾರ ಹೆಚ್ಚು ಹೇಳಿತು, 2015ರಲ್ಲಿ ನಿಂತಿತು. ಅದಕ್ಕಿಂತ ವಿನಯದ ಕೆಲಸವೊಂದು ನಮ್ಮಲ್ಲೇ ನಡೆಯುತ್ತಿದೆ. ವಾಧ್ವಾನಿ ಎಐ ಸಂಸ್ಥೆ ಕಟ್ಟಿದ ವ್ಯವಸ್ಥೆಯೊಂದು 2022ರ ಏಪ್ರಿಲ್‌ನಿಂದ ಹಲವು ಭಾರತೀಯ ಭಾಷೆಗಳ ಸುದ್ದಿಗಳನ್ನು ಓದಿ, ‘ಇಂಥ ಊರಲ್ಲಿ ವಾಂತಿಭೇದಿ’ ಎಂಬಂಥ ಸಂಗತಿಗಳನ್ನು ಹೆಕ್ಕಿ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ ಕೊಡುತ್ತದೆ. 30 ಕೋಟಿಗೂ ಹೆಚ್ಚು ಸುದ್ದಿಗಳಿಂದ 95,000ಕ್ಕೂ ಮಿಕ್ಕಿದ ಘಟನೆಗಳನ್ನು ಅದು ತೆಗೆದಿದೆ. ಅವುಗಳಲ್ಲಿ 3,500ಕ್ಕೂ ಹೆಚ್ಚನ್ನು ತಜ್ಞರು ಸಾಂಕ್ರಾಮಿಕದ ಸೂಚನೆ ಎಂದು ಆರಿಸಿದರು. ಇಲ್ಲಿ ಯಂತ್ರ ಜರಡಿ ಹಿಡಿಯುತ್ತದೆ, ತೀರ್ಮಾನ ಮನುಷ್ಯರದ್ದು. ತಾಲ್ಲೂಕಿನ ವರದಿಗಾರನೊಬ್ಬ ಒಳಪುಟದಲ್ಲಿ ಬರೆದ ನಾಲ್ಕು ಸಾಲೇ ಇದಕ್ಕೆ ಮೂಲ ಎಂಬುದನ್ನು ಪತ್ರಿಕೆ ಓದುವ ನಾವು ಗಮನಿಸಬೇಕು.

ಡೆಂಗಿ ವಿಷಯದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2025ರ ಜನವರಿಯಲ್ಲಿ ಪ್ರಕಟಿಸಿದ ಮಾದರಿ ಎರಡು ತಿಂಗಳ ಮುಂಚೆ ಎಚ್ಚರಿಸಬಲ್ಲದು. ಮುಂಗಾರಿನಲ್ಲಿ 27ರಿಂದ 35 ಡಿಗ್ರಿ ಸೆಲ್ಸಿಯಸ್ ತಾಪ, ಶೇ 60ರಿಂದ 78ರ ತೇವ, ಬಿಟ್ಟುಬಿಟ್ಟು ಬರುವ ಹದ ಮಳೆ, ಇವು ಸೇರಿದರೆ ಪುಣೆಯಲ್ಲಿ ಡೆಂಗಿ ಏರುತ್ತದೆ. ಜಡಿಮಳೆ ಬಂದರೆ ಸೊಳ್ಳೆಮರಿ ಕೊಚ್ಚಿಹೋಗಿ ಇಳಿಯುತ್ತದೆ. ಇದನ್ನು ಹುಬ್ಬಳ್ಳಿಗೋ ಮಂಗಳೂರಿಗೋ ತರಬೇಕಾದರೆ ಅಲ್ಲಿನ ರೋಗದ ವಾರವಾರದ ದಾಖಲೆ ಹಲವು ವರ್ಷಗಳಷ್ಟು ಬೇಕು. ಖಾಸಗಿ ಆಸ್ಪತ್ರೆಗಳು ಲೆಕ್ಕ ಕೊಡದಿದ್ದರೆ ಅದು ಸಿಗುವುದಿಲ್ಲ. 2024ರಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದ್ದರಿಂದ ಆಗಬಹುದಾದ ಲಾಭಗಳಲ್ಲಿ ಇದೂ ಸೇರಿದೆ. ದಾಖಲೆ ಬರೆಯುವ ಕೈಗಳ ಬಗ್ಗೆಯೂ ಹೇಳಬೇಕು. ಆಶಾ ಕಾರ್ಯಕರ್ತೆ ಮನೆಮನೆ ಸುತ್ತಿ ಮೊಬೈಲಿನಲ್ಲಿ ತುಂಬುವ ಸಾಲುಗಳೇ ಎಷ್ಟೋ ಮಾದರಿಗಳ ಆಹಾರ. ಅವಳ ಗೌರವಧನ, ಅವಳ ಫೋನಿನ ಡೇಟಾ ಖರ್ಚು ಇಂಥ ಯೋಜನೆಗಳ ಬಜೆಟ್‌ನಲ್ಲಿ ಮೊದಲ ಸಾಲಾಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಹಾಗೆಯೇ, ಜನರ ಕಾಯಿಲೆಯ ವಿವರ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಜನರಿಗೇ ತಿಳಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೃತಕ ಬುದ್ಧಿಮತ್ತೆಯ ಬಳಕೆಗೆಂದು 2023ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿ ಒಪ್ಪಿಗೆ, ಹೊಣೆಗಾರಿಕೆಗಳ ಬಗ್ಗೆ ಒಳ್ಳೆಯ ಮಾತುಗಳನ್ನು ಹೇಳಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಅದು ಕನ್ನಡದಲ್ಲಿ ಕಾಣಬೇಕು.

ಮುಂಗಾಣುವ ಕೆಲಸದಲ್ಲಿ ಮನುಷ್ಯರ ವೈದ್ಯಕ್ಕಿಂತ ದನಕರುಗಳ ವೈದ್ಯ ಮುಂದಿದೆ. ಬೆಂಗಳೂರಿನ ಯಲಹಂಕದಲ್ಲಿರುವ ಪಶುರೋಗ ಸಂಶೋಧನೆಯ ನಿವೇದಿ ಸಂಸ್ಥೆ ನೆರಡಿ, ಚಪ್ಪೆ, ಗಳಲೆ ರೋಗಗಳು ಸೇರಿ ಜಾನುವಾರುಗಳ 15 ಕಾಯಿಲೆಗಳ ಮುನ್ಸೂಚನೆಯನ್ನು ಎರಡು ತಿಂಗಳ ಮುಂಚೆ, ಜಿಲ್ಲೆವಾರು ಕೊಡುತ್ತದೆ. ಮಳೆ, ತಾಪ, ಹಸಿರು ಹೊದಿಕೆ, ಹಳೆಯ ರೋಗದ ದಾಖಲೆಗಳನ್ನು ಅದು ಯಂತ್ರ ಕಲಿಕೆಯ ಮಾದರಿಗಳಲ್ಲಿ ಹಾಯಿಸುತ್ತದೆ. ಮುನ್ಸೂಚನೆ ಬಂದಾಗ ಮಾಡಬೇಕಾದದ್ದೂ ಗೊತ್ತಿದೆ: ಆ ಜಿಲ್ಲೆಯ ಪಶುವೈದ್ಯರು ಲಸಿಕೆ ಹಾಕಬೇಕು.

ಇದೇ ನಿವೇದಿ, ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಮತ್ತು ಬ್ರಿಟನ್ನಿನ ಪರಿಸರ ವಿಜ್ಞಾನಿಗಳು ಸೇರಿ ಮಲೆನಾಡಿನ ಮಂಗನ ಕಾಯಿಲೆಗೂ ಅಪಾಯದ ನಕ್ಷೆ ಮಾಡಿದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಈ ರೋಗ ಪ್ರತಿ ಬೇಸಿಗೆ ಎಲ್ಲೋ ಒಂದು ಕಡೆ ಏಳುತ್ತದೆ. 2020ರಲ್ಲಿ ಪ್ರಕಟವಾದ ಈ ಮಾದರಿ ಸಂಖ್ಯಾಶಾಸ್ತ್ರದ್ದು, ಯಂತ್ರ ಕಲಿಕೆಗೆ ಹತ್ತಿರದ್ದು. ಯಾವ ಅಂಶಗಳನ್ನು ಪರಿಗಣಿಸಬೇಕೆಂದು ಆರೋಗ್ಯ, ಪಶುಪಾಲನೆ, ಅರಣ್ಯ ಇಲಾಖೆಗಳ ಸ್ಥಳೀಯ ಸಿಬ್ಬಂದಿಯನ್ನು ಮೊದಲೇ ಕೇಳಿ ಕಟ್ಟಿದ್ದು ಅದರ ವಿಶೇಷ. ನಿತ್ಯಹಸಿರು ಕಾಡೂ ತೋಟವೂ ಬೆರೆತಿರುವ, ನಾಟಿ ದನಗಳು ಹೆಚ್ಚಿರುವ ಜಾಗಗಳಲ್ಲಿ ಅಪಾಯ ಹೆಚ್ಚು ಎಂದು ಅದು ತೋರಿಸಿತು. ಹಳೆಯ ಲಸಿಕೆಯ ಬಳಕೆ 2022ರ ಹೊತ್ತಿಗೆ ನಿಂತಿತು. ಹೊಸದರ ತಯಾರಿ ನಡೆದಿದೆ. ಅದು ಬರುವ ತನಕ ಈ ನಕ್ಷೆಯ ಉಪಯೋಗ ಕೆಲವು ಕೆಲಸಗಳಲ್ಲಿದೆ. ಕೆಂಪಾಗಿ ಕಾಣುವ ಊರುಗಳಿಗೆ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ನವೆಂಬರ್‌ನಲ್ಲೇ ಹೋಗಬೇಕು. ದರಗು (ಒಣ ಎಲೆ) ತರಲು ಕಾಡಿಗೆ ಹೋಗುವವರಿಗೆ ಉಣುಗಿನ ವಿಷಯ ಹೇಳಬೇಕು. ಮಂಗ ಸತ್ತದ್ದನ್ನು ಕಂಡವರು ಯಾರಿಗೆ ಫೋನ್ ಮಾಡಬೇಕೆಂಬುದು ಊರಿಗೆಲ್ಲ ಗೊತ್ತಿರಬೇಕು. ಜ್ವರದವರ ರಕ್ತದ ಮಾದರಿ ಶಿವಮೊಗ್ಗದ ವೈರಸ್ ಪ್ರಯೋಗಾಲಯಕ್ಕೆ ತಡವಿಲ್ಲದೆ ತಲುಪಬೇಕು.